ಹಳಿಗಳ ಅಂತರ: ಸಿ. ಕೆ. ಜಾಫರ್ ಷರೀಫರ ಸಾರ್ವಜನಿಕ ಜೀವನ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭಾಂಗಣದಲ್ಲಿ ನಡೆದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪೂರ್ಣಪಾಠ)



ಈ ಉಪನ್ಯಾಸಮಾಲೆಯಲ್ಲಿ ನನ್ನ ಪಾಲಿಗೆ ಬಂದ ವಿಷಯ ಅಲ್ಪಸಂಖ್ಯಾತರು ಮತ್ತು ಸಾರ್ವಜನಿಕ ಜೀವನ ಎಂಬುದು. ಇಷ್ಟು ವಿಶಾಲವಾದ ವಿಷಯವನ್ನು ಒಂದು ಗಂಟೆಯಲ್ಲಿ ಹಿಡಿದಿಡುವುದು ನನ್ನಿಂದಾಗದು. ಆದುದರಿಂದ ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡಿದ್ದೇನೆ. ಅವರು ದಿವಂಗತ ಸಿ. ಕೆ. ಜಾಫರ್ ಷರೀಫರು. ಎಂಟು ಬಾರಿ ಲೋಕಸಭೆಗೆ ಆಯ್ಕೆಯಾದವರು, ೧೯೯೧ರಿಂದ ೧೯೯೫ರವರೆಗೆ ಭಾರತದ ರೈಲ್ವೆ ಸಚಿವರಾಗಿದ್ದವರು.

ಹೆಸರನ್ನು ಹೇಳಿದಾಗ ಸಮಿತಿಯ ಹಿರಿಯರೊಬ್ಬರು, "ಫಾದರ್, ದೇವಾಲಯದ ಶತಮಾನೋತ್ಸವಕ್ಕೆ ಒಬ್ಬ ಮುಸಲ್ಮಾನ ರಾಜಕಾರಣಿಯೇ? ನಮ್ಮವರಲ್ಲಿ ಯಾರೂ ಸಿಗಲಿಲ್ಲವೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಮ್ಮವರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಇದ್ದರು, ಉಡುಪಿಯ ಆಸ್ಕರ್ ಫರ್ನಾಂಡಿಸ್ ಇದ್ದರು. ಆದರೆ ೧೯೬೫ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತೇತರ ಧರ್ಮಗಳನ್ನು ಕುರಿತು ಹೊರಡಿಸಿದ ಘೋಷಣೆಯನ್ನು ಗುರುಮಠದಲ್ಲಿ ಓದಿ ಪರೀಕ್ಷೆ ಬರೆದವನು ನಾನು. ಮುಸಲ್ಮಾನ ಸಹೋದರರನ್ನು ಗೌರವದಿಂದ ಕಾಣಬೇಕೆಂದು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ ಮೇಲೆ, ಅವರಲ್ಲೊಬ್ಬರ ಬದುಕನ್ನು ಕುರಿತು ಒಂದು ಗಂಟೆ ಮಾತನಾಡಲು ಹಿಂಜರಿದರೆ ಆ ಅಂಕಗಳಿಗೆ ಅರ್ಥವಿಲ್ಲ. ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಕೊಪ್ಪಳ ನಿಲ್ದಾಣದಲ್ಲಿ ಇಂದು ನಿಲ್ಲುವ ಪ್ರತಿಯೊಂದು ಗಾಡಿಯೂ ಅವರು ಕೈಗೊಂಡ ಒಂದು ನಿರ್ಧಾರದ ಮೇಲೆ ಓಡುತ್ತಿದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಸಂವಿಧಾನ ರಚನೆಯಾಗುತ್ತಿದ್ದಾಗ, ೧೯೪೮ರ ಕರಡಿನಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಮೀಸಲಿಡುವ ಏರ್ಪಾಡಿತ್ತು. ೧೯೪೯ರ ಮೇ ತಿಂಗಳಲ್ಲಿ ಅದನ್ನು ಕೈಬಿಡಲಾಯಿತು. ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯು ಹಾಗೆ ಶಿಫಾರಸು ಮಾಡಿದಾಗ, ಬಂಗಾಳದ ಕ್ರೈಸ್ತ ನಾಯಕರಾದ ಎಚ್. ಸಿ. ಮುಖರ್ಜಿಯವರು ಮುಂದೆ ನಿಂತು ಬೆಂಬಲಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರುಗಳಾದ ಜೆರೋಮ್ ಡಿಸೋಜರೂ ಆ ಸಂವಿಧಾನ ಸಭೆಯ ಸದಸ್ಯರಾಗಿದ್ದು ಅದನ್ನು ಒಪ್ಪಿದರು. ಮುಸಲ್ಮಾನ ಸದಸ್ಯರಲ್ಲಿ ಭಿನ್ನಾಭಿಪ್ರಾಯವಿತ್ತು. ಆದರೆ ಬೇಗಂ ಐಜಾಜ್ ರಸೂಲರಂಥವರು ಮೀಸಲಾತಿ ಬೇಡವೆಂದೇ ವಾದಿಸಿದರು. ನಮ್ಮ ಪ್ರತಿನಿಧಿಯನ್ನು ನಾವೊಬ್ಬರೇ ಆರಿಸಿಕೊಳ್ಳುವುದು ಬೇಡ, ನೆರೆಯವರು ನಮ್ಮವನನ್ನು ತಮ್ಮವನೆಂದು ಆರಿಸಲಿ, ನಾವು ಅವರವನನ್ನು ನಮ್ಮವನೆಂದು ಆರಿಸುತ್ತೇವೆ ಎಂಬುದು ಅಂದಿನ ನಂಬಿಕೆಯ ತಿರುಳು. ಇದೊಂದು ದೊಡ್ಡ ಪಣ. ದೇಶ ವಿಭಜನೆಯಾಗಿ, ರಕ್ತ ಹರಿದು ಎರಡು ವರ್ಷವೂ ತುಂಬದಿದ್ದ ಕಾಲದಲ್ಲಿ ಕಟ್ಟಿದ ಪಣ.

ಆ ಪಣ ಫಲಿಸಿತೇ ಎಂಬುದನ್ನು ಅಂಕಿಗಳಲ್ಲಿ ನೋಡಬಹುದು. ಒಬ್ಬ ಮನುಷ್ಯನ ಚುನಾವಣೆಗಳಲ್ಲಿ ನೋಡುವುದು ನನಗೆ ಹೆಚ್ಚು ಇಷ್ಟ.

ಜಾಫರ್ ಷರೀಫರು ೧೯೩೩ರ ನವೆಂಬರ್ ೩ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಹುಟ್ಟಿದರು. ಚಳ್ಳಕೆರೆಯ ಸೀಮೆಯನ್ನು ಬಲ್ಲವರಿಗೆ ಯಲಬುರ್ಗಾ ಕುಷ್ಟಗಿಗಳ ಎರೆನೆಲ, ಮಸಾರಿ, ಮಳೆಗಾಗಿ ಆಕಾಶ ನೋಡುವ ಬದುಕು ಹೊಸದಲ್ಲ. ಜಹಗೀರಿಲ್ಲ, ಹೆಸರಾಂತ ಮನೆತನವಿಲ್ಲ. ಅದೇ ಜಿಲ್ಲೆಯ ಮಹಾನಾಯಕರಾದ ಎಸ್. ನಿಜಲಿಂಗಪ್ಪನವರ ಬಳಿ ಕೆಲಸಕ್ಕೆ ನಿಂತು ರಾಜಕೀಯವನ್ನು ಹತ್ತಿರದಿಂದ ಕಂಡರು. ಅವರ ಕಾರಿನ ಚಾಲಕರಾಗಿದ್ದರೆಂಬ ಮಾತು ನಾಡಿನಲ್ಲೆಲ್ಲ ಪ್ರಚಲಿತ. ಕೆಲವರು ಅದನ್ನು ಹಗುರವಾಗಿ ಆಡುತ್ತಿದ್ದರು. ದುಡಿದು ತಿಂದವನ ಬಗ್ಗೆ ಹಗುರವಾಗಿ ಆಡುವ ಮಾತು ಬಡಗಿಯ ಮಗನನ್ನು ಪ್ರಭುವೆಂದು ಪೂಜಿಸುವ ನಮ್ಮ ಬಾಯಲ್ಲಂತೂ ಬರಬಾರದು.

೧೯೬೯ರಲ್ಲಿ ಕಾಂಗ್ರೆಸ್ಸು ಒಡೆಯಿತು. ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರು. ಅವರ ಎದುರು ಪ್ರಧಾನಿ ಇಂದಿರಾ ಗಾಂಧಿಯವರು. ಷರೀಫರು ತಮ್ಮನ್ನು ಬೆಳೆಸಿದ ನಾಯಕರನ್ನು ಬಿಟ್ಟು ಇಂದಿರಾ ಅವರ ಪಕ್ಷಕ್ಕೆ ಹೋದರು. ಈ ಹೆಜ್ಜೆಯನ್ನು ಕೃತಘ್ನತೆಯೆಂದು ಕರೆದವರಿದ್ದಾರೆ, ದೂರದೃಷ್ಟಿಯೆಂದು ಕರೆದವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಎರಡೂ ಹೌದು. ಮನುಷ್ಯನ ಒಂದೇ ಕ್ರಿಯೆಯಲ್ಲಿ ಗುಣದೋಷಗಳೆರಡೂ ಬೆರೆತಿರುತ್ತವೆಂಬುದನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತವನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

೧೯೭೧ರಲ್ಲಿ ಕನಕಪುರ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿದರು. ಒಕ್ಕಲಿಗ ಬಾಂಧವರೇ ಹೆಚ್ಚಾಗಿರುವ ಗ್ರಾಮೀಣ ಸೀಮೆ ಅದು. ರೇಷ್ಮೆ, ರಾಗಿ ಬೆಳೆಯುವ ರೈತರು, ಬೇರೆ ಜಿಲ್ಲೆಯಿಂದ ಬಂದ ಮೂವತ್ತೇಳು ವರ್ಷದ ಮುಸಲ್ಮಾನನೊಬ್ಬನನ್ನು ದೆಹಲಿಗೆ ಕಳುಹಿಸಿದರು. ಇಂದಿರಾ ಅವರ ಹೆಸರಿನ ಗಾಳಿ ಅಂದು ಜೋರಾಗಿತ್ತು ನಿಜ. ಆದರೂ ಗಾಳಿಗೆ ಬಾಗಿಲು ತೆರೆದವರು ಅಲ್ಲಿಯ ಜನರೇ. ಅನಂತರ ೧೯೭೭, ೧೯೮೦, ೧೯೮೪, ೧೯೮೯, ೧೯೯೧ರಲ್ಲಿ ಸತತವಾಗಿ ಬೆಂಗಳೂರು ಉತ್ತರದಿಂದ ಗೆದ್ದರು. ೧೯೯೬ರಲ್ಲಿ ಆ ಕ್ಷೇತ್ರ ಜನತಾದಳದ ಪಾಲಾಯಿತು. ೧೯೯೮ ಮತ್ತು ೧೯೯೯ರಲ್ಲಿ ಮತ್ತೆ ಅವರ ಕೈಗೆ ಬಂದಿತು. ಬೆಂಗಳೂರು ಉತ್ತರವೂ ಮುಸಲ್ಮಾನರೇ ಬಹುಸಂಖ್ಯಾತರಾಗಿರುವ ಕ್ಷೇತ್ರವಲ್ಲ ಎಂಬುದನ್ನು ಗಮನಿಸಬೇಕು.

ಇವುಗಳಲ್ಲಿ ೧೯೮೪ರ ಡಿಸೆಂಬರಿನ ಚುನಾವಣೆಯನ್ನು ಸ್ವಲ್ಪ ನಿಂತು ನೋಡಬೇಕು. ಅಂದು ಷರೀಫರ ಎದುರಾಳಿ ಜಾರ್ಜ್ ಫರ್ನಾಂಡಿಸ್. ಮಂಗಳೂರಿನ ಕಥೋಲಿಕ ಮನೆತನದ ಹುಡುಗ. ಗುರುವಾಗಬೇಕೆಂದು ಬೆಂಗಳೂರಿನ ಸಂತ ಪೇತ್ರರ ಗುರುಮಠ ಸೇರಿ, ಅರ್ಧದಲ್ಲೇ ಬಿಟ್ಟು, ಮುಂಬಯಿಯ ಬೀದಿಗಳಲ್ಲಿ ಮಲಗಿ ಕಾರ್ಮಿಕ ನಾಯಕನಾದವರು. ೧೯೭೪ರ ಮೇ ತಿಂಗಳಲ್ಲಿ ಇಡೀ ದೇಶದ ರೈಲುಗಳನ್ನು ನಿಲ್ಲಿಸಿದವರು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ೧೯೭೭ರಲ್ಲಿ ಬಿಹಾರದ ಮುಜಫರ್‌ಪುರದಿಂದ ಗೆದ್ದವರು. ಇಂದಿರಾ ಅವರ ಹತ್ಯೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಜನರ ದುಃಖ ಕಾಂಗ್ರೆಸ್ಸಿನ ಕಡೆಗಿತ್ತು. ಷರೀಫರು ಗೆದ್ದರು, ಫರ್ನಾಂಡಿಸರು ಸೋತರು.

ಸೋಲು ಗೆಲುವಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ತಟ್ಟುವುದು ಇನ್ನೊಂದು. ರಾಜ್ಯದ ರಾಜಧಾನಿಯಲ್ಲಿ, ಹಿಂದೂ ಬಾಂಧವರೇ ಬಹುಸಂಖ್ಯಾತರಾಗಿರುವ ಕ್ಷೇತ್ರದಲ್ಲಿ, ಎರಡು ಪ್ರಮುಖ ಪಕ್ಷಗಳ ಅಭ್ಯರ್ಥಿಗಳಲ್ಲಿ ಒಬ್ಬರು ಮುಸಲ್ಮಾನರು, ಇನ್ನೊಬ್ಬರು ಕಥೋಲಿಕರು. ಮತದಾರರು ಅದನ್ನೊಂದು ಸೋಜಿಗವೆಂದು ಎಣಿಸಲಿಲ್ಲ. ಕಾಂಗ್ರೆಸ್ಸು ಬೇಕೇ, ಜನತಾಪಕ್ಷ ಬೇಕೇ ಎಂಬುದಷ್ಟೇ ಅವರ ಮುಂದಿದ್ದ ಪ್ರಶ್ನೆ. ೧೯೪೯ರಲ್ಲಿ ಜೆರೋಮ್ ಡಿಸೋಜ ಗುರುಗಳು ಕಟ್ಟಿದ ಪಣ ಆ ಒಂದು ದಿನವಾದರೂ ಬಡ್ಡಿ ಸಹಿತ ಮರಳಿತು.

ಮುಂದೆ ಆ ಇಬ್ಬರೂ ರೈಲು ಭವನದ ಅದೇ ಖಾತೆಯನ್ನು ಹಿಡಿದರು. ಫರ್ನಾಂಡಿಸರು ೧೯೮೯ರ ಡಿಸೆಂಬರಿನಿಂದ ಸುಮಾರು ಹನ್ನೊಂದು ತಿಂಗಳು ರೈಲ್ವೆ ಸಚಿವರಾಗಿದ್ದಾಗ, ೧೯೯೦ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ೧೯೯೧ರ ಜೂನಿನಲ್ಲಿ ಪಿ. ವಿ. ನರಸಿಂಹರಾಯರ ಸಂಪುಟದಲ್ಲಿ ಷರೀಫರು ರೈಲ್ವೆ ಸಚಿವರಾದರು. ಅವರಿಗೆ ಈ ಖಾತೆ ಹೊಸದಲ್ಲ. ೧೯೮೦ರ ನಂತರ ಇಂದಿರಾ ಅವರ ಸರಕಾರದಲ್ಲಿ ಅಲ್ಲಿಯೇ ರಾಜ್ಯಸಚಿವರಾಗಿದ್ದರು. ಎದುರಾಳಿ ಆರಂಭಿಸಿದ ಕಾಮಗಾರಿಯೆಂದು ಕೊಂಕಣ ರೈಲ್ವೆಯನ್ನು ಮೂಲೆಗೆ ತಳ್ಳಲಿಲ್ಲ. ಸುರಂಗಗಳೂ ಸೇತುವೆಗಳೂ ಬಹುಪಾಲು ಎದ್ದದ್ದು ಅವರ ಅಧಿಕಾರಾವಧಿಯಲ್ಲೇ. ೧೯೯೮ರ ಜನವರಿ ೨೬ರಂದು ಹಾದಿ ಪೂರ್ತಿಯಾಗಿ ತೆರೆಯಿತು. ಪಕ್ಷ ಬದಲಾದೊಡನೆ ಹಳೆಯ ಅಡಿಗಲ್ಲುಗಳಿಗೆ ಮುಳ್ಳು ಬೆಳೆಯುವುದನ್ನು ಕಂಡ ನಮಗೆ ಇದು ಸಣ್ಣ ಸಂಗತಿಯಲ್ಲ.

ಈಗ ನಮ್ಮೂರಿನ ಹಳಿಗೆ ಬರುತ್ತೇನೆ. ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಗುಂತಕಲ್ಲುಗಳ ಮೂಲಕ ಹಾಯುವ ಈ ಹಾದಿ ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿಯವರು ಹಾಕಿದ್ದು. ೧೮೭೬-೭೮ರ ಮಹಾ ಬರಗಾಲ ಈ ನಾಡನ್ನು ಬೋಳಿಸಿ ಹೋದ ಮೇಲೆ, ಹಸಿದ ಸೀಮೆಗೆ ಧಾನ್ಯ ತಲುಪಿಸಲು ಹಾದಿ ಬೇಕೆಂಬುದು ಇಂಥ ಹಳಿಗಳ ಹಿಂದಿದ್ದ ಒಂದು ಕಾರಣ. ಖರ್ಚು ಕಡಿಮೆಯಾಗಲೆಂದು ಮೀಟರ್ ಗೇಜಿನಲ್ಲಿ ಹಾಕಿದರು. ಎರಡು ಕಂಬಿಗಳ ನಡುವಿನ ಅಂತರ ೧೦೦೦ ಮಿಲಿಮೀಟರು. ಮುಂಬಯಿ ಮದರಾಸುಗಳ ನಡುವಿನ ದೊಡ್ಡ ಹಾದಿಯಾದರೋ ಬ್ರಾಡ್ ಗೇಜು, ೧೬೭೬ ಮಿಲಿಮೀಟರು. ಗುಂತಕಲ್ಲಿನಲ್ಲಿ ಎರಡೂ ಕೂಡುತ್ತಿದ್ದವು; ಆದರೆ ಒಂದರ ಗಾಡಿ ಇನ್ನೊಂದರ ಮೇಲೆ ಹತ್ತಲಾರದು. ಯೌವನದಲ್ಲಿ ಮದರಾಸಿನ ಕಡೆಯಿಂದ ಬರುವಾಗ ನಡುರಾತ್ರಿ ಗುಂತಕಲ್ಲಿನಲ್ಲಿ ಇಳಿದು, ಪುಸ್ತಕ ತುಂಬಿದ ಕಬ್ಬಿಣದ ಟ್ರಂಕನ್ನು ಹೆಗಲಿಗೇರಿಸಿ, ಚಿಕ್ಕ ಗಾಡಿ ನಿಂತ ಕಟ್ಟೆಯನ್ನು ಹುಡುಕಿದ್ದು ನನಗಿನ್ನೂ ನೆನಪಿದೆ. ನನ್ನದು ಒಂದು ಟ್ರಂಕು. ವ್ಯಾಪಾರಿಗಳದು ನೂರಾರು ಚೀಲ. ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವಾಗ ಕೂಲಿ ಹೋಗುತ್ತಿತ್ತು, ದಿನ ಹೋಗುತ್ತಿತ್ತು, ಚೀಲ ಹರಿದು ಕಾಳು ಹೋಗುತ್ತಿತ್ತು. ಕರ್ನಾಟಕದ ಬಹುಭಾಗ ಹೀಗೆ ಮೀಟರ್ ಗೇಜಿನ ನಡುಗಡ್ಡೆಯಾಗಿ ಉಳಿದಿತ್ತು. ಕಾರ್ಖಾನೆ ಹಾಕುವವನು ಮೊದಲು ಕೇಳುತ್ತಿದ್ದ ಪ್ರಶ್ನೆಯೇ, ಅಲ್ಲಿಗೆ ದೊಡ್ಡ ಹಳಿ ಇದೆಯೇ ಎಂಬುದು.

೧೯೯೨ರ ಏಪ್ರಿಲಿನಲ್ಲಿ ಷರೀಫರು ಯೂನಿಗೇಜ್ ಎಂಬ ಯೋಜನೆಯನ್ನು ಕೈಗೆತ್ತಿಕೊಂಡರು. ದೇಶದ ಮುಖ್ಯ ಹಾದಿಗಳೆಲ್ಲ ಒಂದೇ ಅಳತೆಗೆ ಬರಬೇಕೆಂಬುದು ಅದರ ಗುರಿ. ಹಿಂದಿನಿಂದಲೂ ಗೇಜು ಪರಿವರ್ತನೆ ಅಲ್ಲೊಂದು ಇಲ್ಲೊಂದು ನಡೆದಿತ್ತು, ಆಮೆಯ ನಡಿಗೆಯಲ್ಲಿ. ಷರೀಫರು ಅದಕ್ಕೆ ವೇಗ ಕೊಟ್ಟರು. ಕೆಲವೇ ವರ್ಷಗಳಲ್ಲಿ ಸಾವಿರಾರು ಕಿಲೋಮೀಟರು ಹಾದಿ ಅಗಲವಾಯಿತು. ವಿದ್ಯುದೀಕರಣಕ್ಕೂ ಜೋಡಿಹಳಿಗೂ ಹೋಗಬೇಕಾಗಿದ್ದ ಹಣವನ್ನು ಇದಕ್ಕೆ ಸುರಿದರೆಂದು ತಜ್ಞರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆ ಆಕ್ಷೇಪವನ್ನು ಎತ್ತಿದವರಲ್ಲಿ ಹೆಚ್ಚಿನವರು ಮೊದಲಿನಿಂದಲೂ ದೊಡ್ಡ ಹಳಿಯಿದ್ದ ಊರುಗಳಲ್ಲಿ ಕುಳಿತವರು ಎಂಬುದನ್ನೂ ಹೇಳದೆ ಬಿಡಲಾರೆ. ತೊಂಬತ್ತರ ದಶಕದ ನಡುವಿನ ವೇಳೆಗೆ ನಮ್ಮ ಹೊಸಪೇಟೆ-ಹುಬ್ಬಳ್ಳಿ ಹಾದಿಯೂ ಅಗಲವಾಯಿತು. ಮುನಿರಾಬಾದು, ಗಿಣಿಗೇರಾ, ಕೊಪ್ಪಳ, ಭಾನಾಪುರಗಳ ನಿಲ್ದಾಣಗಳು ದೇಶದ ದೊಡ್ಡ ಜಾಲದೊಳಗೆ ಸೇರಿದವು. ಇಂದು ಗಿಣಿಗೇರಾದ ಸುತ್ತ ಕಾಣುವ ಕಬ್ಬಿಣದ ಕಾರ್ಖಾನೆಗಳನ್ನೂ ಅವುಗಳ ಹೊಗೆಯನ್ನೂ ಇದರ ಲೆಕ್ಕದಲ್ಲೇ ಹಿಡಿಯಬೇಕು. ಹೊಗೆಯ ವಿಚಾರ ಬೇರೆ ಉಪನ್ಯಾಸಕ್ಕೆ ಇರಲಿ.

ಗಮನಿಸಿ: ಈ ಹಳಿಯ ಮೇಲೆ ಮುಸಲ್ಮಾನರ ಗಾಡಿಯೆಂದು ಬೇರೊಂದಿಲ್ಲ. ಗವಿಮಠದ ಜಾತ್ರೆಗೆ ಬರುವವರೂ, ಮುದಗಲ್ಲಿನ ಪುರಾತನ ಕ್ರೈಸ್ತ ಮನೆತನಗಳ ನೆಂಟರೂ, ಉರುಸಿಗೆ ಹೋಗುವವರೂ ಅದರಲ್ಲೇ ಕೂರುತ್ತಾರೆ. ಹಳೆಯ ಒಡಂಬಡಿಕೆಯ ಜೋಸೆಫನನ್ನು ನೆನೆಯಿರಿ. ಪರದೇಶದವನು, ಪರಧರ್ಮದವನು, ಸೆರೆಮನೆಯಿಂದ ಬಂದವನು, ಫರೋಹನ ಮಂತ್ರಿಯಾದ. ಏಳು ವರ್ಷದ ಬರಗಾಲಕ್ಕೆಂದು ಅವನು ಕಣಜ ಕಟ್ಟಿಸಿದ್ದು ತನ್ನ ಹನ್ನೊಂದು ಮಂದಿ ಸಹೋದರರಿಗಾಗಿ ಅಲ್ಲ, ಇಡೀ ಈಜಿಪ್ಟಿಗಾಗಿ. ಸಹೋದರರು ಬಂದಾಗ ಅವರಿಗೂ ಅದೇ ಕಣಜದಿಂದ ಅಳೆದ.

ಆದರೆ ಪವಿತ್ರ ಗ್ರಂಥ ಜೋಸೆಫನ ಇನ್ನೊಂದು ಮುಖವನ್ನೂ ಮುಚ್ಚಿಡುವುದಿಲ್ಲ. ಅದೇ ಬರಗಾಲದಲ್ಲಿ ಧಾನ್ಯಕ್ಕೆ ಪ್ರತಿಯಾಗಿ ಜನರ ದನಗಳನ್ನೂ ಹೊಲಗಳನ್ನೂ ಫರೋಹನ ವಶಕ್ಕೆ ಬರೆಸಿಕೊಂಡವನೂ ಅವನೇ. ಆದ್ದರಿಂದ ಷರೀಫರ ಬದುಕಿನ ಕಠಿಣ ಅಧ್ಯಾಯಗಳನ್ನು ನಾನೂ ಹಾರಿಸಿ ಹೋಗಬಾರದು.

೧೯೯೨ರ ಡಿಸೆಂಬರ್ ೬ರಂದು ಅಯೋಧ್ಯೆಯ ಮಸೀದಿ ನೆಲಕ್ಕುರುಳಿದಾಗ ಅವರು ಕೇಂದ್ರ ಸಂಪುಟದಲ್ಲಿದ್ದರು. ಅನಂತರವೂ ಇದ್ದರು. ರಾಜೀನಾಮೆ ಕೊಡಬೇಕಾಗಿತ್ತೆಂದು ಅವರ ಸಮುದಾಯದಲ್ಲಿಯೇ ಹಲವರು ಹೇಳಿದರು. ಇಂಥ ಹೊತ್ತಿನಲ್ಲಿ ಅಲ್ಪಸಂಖ್ಯಾತ ಮಂತ್ರಿಯ ಪಾಡು ಯಾರಿಗೂ ಬೇಡ. ಹೊರಗೆ ಬಂದರೆ ಮೂರು ದಿನ ಜಯಕಾರ, ನಾಲ್ಕನೆಯ ದಿನ ಆ ಕುರ್ಚಿಯಲ್ಲಿ ತನ್ನವರ ನೋವು ಬಲ್ಲವನೊಬ್ಬನೂ ಇಲ್ಲ. ಒಳಗೆ ಉಳಿದರೆ ಕುರ್ಚಿಗೆ ಅಂಟಿಕೊಂಡವನೆಂಬ ಹೆಸರು. ಉಳಿದು ಅವರು ಹಳಿ ಹಾಕಿದರು. ಅದು ಸರಿಯೇ ಎಂಬುದನ್ನು ನಾನು ಬಹಳ ಬಾರಿ ಯೋಚಿಸಿದ್ದೇನೆ. ಉಳಿದದ್ದು ತಪ್ಪಲ್ಲ, ಆದರೆ ಉಳಿದವನು ಗಟ್ಟಿಯಾಗಿ ಮಾತನಾಡುವ ಋಣವನ್ನು ಹೊತ್ತುಕೊಂಡೇ ಉಳಿಯುತ್ತಾನೆ ಎಂಬಲ್ಲಿಗೆ ನನ್ನ ಯೋಚನೆ ಪ್ರತಿ ಸಲವೂ ಬಂದು ನಿಲ್ಲುತ್ತದೆ.

೧೯೯೫ರ ಆಗಸ್ಟ್ ೨೦ರಂದು ಉತ್ತರ ಪ್ರದೇಶದ ಫಿರೋಜಾಬಾದಿನ ಬಳಿ, ನಿಂತಿದ್ದ ಕಾಳಿಂದಿ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಪುರುಷೋತ್ತಮ ಎಕ್ಸ್‌ಪ್ರೆಸ್ ಬಡಿಯಿತು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ೧೯೫೬ರಲ್ಲಿ ಅರಿಯಲೂರಿನ ಅಪಘಾತಕ್ಕೆ ಹೊಣೆ ಹೊತ್ತು ಲಾಲ್ ಬಹಾದುರ್ ಶಾಸ್ತ್ರಿಗಳು ಅದೇ ಖಾತೆಗೆ ರಾಜೀನಾಮೆ ಕೊಟ್ಟಿದ್ದರು. ಷರೀಫರು ಆ ದಾರಿಯನ್ನು ಹಿಡಿದಿದ್ದರೆ ಅವರ ಹೆಸರು ಇನ್ನಷ್ಟು ಎತ್ತರಕ್ಕೆ ಏರುತ್ತಿತ್ತು. ಅಕ್ಟೋಬರಿನಲ್ಲಿ ಅವರು ಸಂಪುಟದಿಂದ ಹೊರಬಂದರು. ಅದೇ ವರ್ಷ ಚಿಕಿತ್ಸೆಗೆಂದು ಲಂಡನ್ನಿಗೆ ಹೋದಾಗ ರೈಲ್ವೆಗೆ ಸೇರಿದ ನೌಕರರನ್ನು ಸರಕಾರದ ಖರ್ಚಿನಲ್ಲಿ ಜೊತೆಗೆ ಕರೆದೊಯ್ದರೆಂಬ ಆಪಾದನೆಯ ಮೇಲೆ ಸಿ.ಬಿ.ಐ. ಮೊಕದ್ದಮೆ ಹೂಡಿತು. ಅದು ವರ್ಷಗಟ್ಟಲೆ ನಡೆದು, ಕೊನೆಗೆ ೨೦೧೨ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಅದರಿಂದ ಮುಕ್ತಗೊಳಿಸಿತು. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ.

೨೦೦೪ರಲ್ಲಿ ಅವರು ಬೆಂಗಳೂರು ಉತ್ತರದಲ್ಲಿ ಸೋತದ್ದು ಯಾರ ಎದುರು ಎಂದು ಬಲ್ಲಿರಾ? ಎಚ್. ಟಿ. ಸಾಂಗ್ಲಿಯಾನರ ಎದುರು. ಮಿಜೋರಾಮಿನ ಬುಡಕಟ್ಟಿನವರು, ಕ್ರೈಸ್ತರು, ಬೆಂಗಳೂರಿನ ಪೊಲೀಸ್ ಕಮಿಷನರಾಗಿದ್ದವರು. ಶಂಕರ್ ನಾಗ್ ಅವರ ಚಲನಚಿತ್ರದಿಂದ ಹಳ್ಳಿಹಳ್ಳಿಯ ಹುಡುಗರಿಗೂ ಹೆಸರು ಗೊತ್ತಿದ್ದವರು. ನಿಂತದ್ದು ಭಾರತೀಯ ಜನತಾ ಪಕ್ಷದಿಂದ! ೨೦೦೮ರ ವಿಶ್ವಾಸಮತದಲ್ಲಿ ಪಕ್ಷದ ಆಜ್ಞೆ ಮೀರಿ ಮನಮೋಹನ ಸಿಂಗರ ಸರಕಾರದ ಪರ ಮತ ಹಾಕಿ ಉಚ್ಚಾಟಿತರಾದರು. ಅದೇನೇ ಇರಲಿ, ಎರಡು ದಶಕಗಳ ಅಂತರದಲ್ಲಿ ಅದೇ ಕ್ಷೇತ್ರದಲ್ಲಿ ಎರಡನೆಯ ಬಾರಿ ಒಬ್ಬ ಮುಸಲ್ಮಾನ ಮತ್ತು ಒಬ್ಬ ಕ್ರೈಸ್ತ ಎದುರುಬದುರಾದರು. ೨೦೦೯ರಲ್ಲಿ ಷರೀಫರು ಮತ್ತೊಮ್ಮೆ ನಿಂತು ಡಿ. ಬಿ. ಚಂದ್ರೇಗೌಡರಿಗೆ ಸೋತರು. ಅಲ್ಲಿಗೆ ಚುನಾವಣೆಯ ಬದುಕು ಮುಗಿಯಿತು. ನಾಲಿಗೆ ಮಾತ್ರ ಮುಗಿಯಲಿಲ್ಲ. ೨೦೧೭ರಲ್ಲಿ ರಾಷ್ಟ್ರಪತಿ ಸ್ಥಾನಕ್ಕೆ ಸಂಘದ ಮೋಹನ ಭಾಗವತರ ಹೆಸರನ್ನು ಸೂಚಿಸಿ ಪ್ರಧಾನಿಗೆ ಪತ್ರ ಬರೆದು, ಸ್ವಪಕ್ಷದವರನ್ನೂ ಸ್ವಧರ್ಮದವರನ್ನೂ ಏಕಕಾಲಕ್ಕೆ ಬೆಚ್ಚಿಬೀಳಿಸಿದರು. ಅದು ನನಗೂ ಒಪ್ಪಿಗೆಯಾಗದ ಪತ್ರ.

ಬಂಧುಗಳೇ, ನಾನು ಇಷ್ಟು ದೂರ ನಿಮ್ಮನ್ನು ಕರೆತಂದದ್ದು ಈ ಮುಂದಿನ ಮಾತಿಗಾಗಿ. ೨೦೦೪ರಲ್ಲಿ ಗುಲ್ಬರ್ಗದಿಂದ ಇಕ್ಬಾಲ್ ಅಹ್ಮದ್ ಸರಡಗಿಯವರು ಗೆದ್ದರು, ಬೆಂಗಳೂರಿನಿಂದ ಸಾಂಗ್ಲಿಯಾನರು ಗೆದ್ದರು. ಆಮೇಲೆ ೨೦೦೯, ೨೦೧೪, ೨೦೧೯, ೨೦೨೪ರ ನಾಲ್ಕು ಲೋಕಸಭಾ ಚುನಾವಣೆಗಳಲ್ಲಿ ಕರ್ನಾಟಕದ ಇಪ್ಪತ್ತೆಂಟು ಕ್ಷೇತ್ರಗಳ ಪೈಕಿ ಒಂದರಿಂದಲೂ ಮುಸಲ್ಮಾನರೊಬ್ಬರು ಆಯ್ಕೆಯಾಗಿಲ್ಲ, ಕ್ರೈಸ್ತರೊಬ್ಬರೂ ಆಯ್ಕೆಯಾಗಿಲ್ಲ. ಆಂಗ್ಲೋ ಇಂಡಿಯನ್ನರಿಗೆಂದು ಲೋಕಸಭೆಯಲ್ಲಿದ್ದ ಎರಡು ನಾಮಕರಣ ಸ್ಥಾನಗಳೂ ೨೦೨೦ರಲ್ಲಿ ಕೊನೆಗೊಂಡವು. ೧೯೮೪ರಲ್ಲಿ ಸೋಜಿಗವಲ್ಲವೆನಿಸಿದ್ದು ಈಗ ಸೋಜಿಗವಾಗಿದೆ. ಇದನ್ನು ಯಾವುದೇ ಪಕ್ಷವನ್ನು ದೂರಲು ಹೇಳುತ್ತಿಲ್ಲ. ಬಲಿಪೀಠದ ಪಕ್ಕದಲ್ಲಿ ನಿಂತವನು ಪಕ್ಷದ ಬಾವುಟ ಹಿಡಿಯಬಾರದು. ಗೆಲ್ಲುವುದಿಲ್ಲವೆಂದು ಪಕ್ಷಗಳು ಅಭ್ಯರ್ಥಿಗಳನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವುದಿಲ್ಲವಾದ್ದರಿಂದ ಜನರಿಗೆ ಅಭ್ಯಾಸ ತಪ್ಪುತ್ತದೆ. ಎರಡು ಹಳಿಗಳ ಅಂತರ ಬೇರೆಯಾದಾಗ ಗುಂತಕಲ್ಲಿನಲ್ಲಿ ಏನಾಗುತ್ತಿತ್ತೋ ಅದೇ ಇಲ್ಲಿ ಮನುಷ್ಯರ ನಡುವೆ ಆಗುತ್ತಿದೆ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಕಥೋಲಿಕರು ಎಷ್ಟಿದ್ದೇವೆ? ಒಂದು ಚುನಾವಣೆಯ ಫಲಿತಾಂಶವನ್ನು ಅಲುಗಿಸುವಷ್ಟಿಲ್ಲ. ಇದರಿಂದ ಎರಡು ಬಗೆಯ ರೋಗ ಹುಟ್ಟುತ್ತದೆ. ಒಂದು, ನಮಗೇಕೆ ಬೇಕು ಎಂದು ಮನೆಯೊಳಗೆ ಕುಳಿತುಕೊಳ್ಳುವುದು. ಇನ್ನೊಂದು, ನಮ್ಮ ಸ್ಮಶಾನಕ್ಕೆ ಗೋಡೆ, ನಮ್ಮ ಶಾಲೆಗೆ ಅನುದಾನ, ಇವಿಷ್ಟಕ್ಕೆ ಮಾತ್ರ ಶಾಸಕರ ಮನೆಯ ಬಾಗಿಲು ಬಡಿಯುವುದು. ಈ ಎರಡನೆಯ ರೋಗಕ್ಕೆ ಗುರುಗಳಾದ ನಾವೂ ಔಷಧಿಗಿಂತ ಹೆಚ್ಚಾಗಿ ಕಾರಣರಾಗಿದ್ದೇವೆ. ನಾನೇ ಅಂಥ ಮನವಿಗಳಿಗೆ ಎಷ್ಟೋ ಬಾರಿ ಸಹಿ ಹಾಕಿದ್ದೇನೆ. ಬಾಬಿಲೋನಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರವನ್ನು ಮನೆಯಲ್ಲಿ ತೆಗೆದು ಓದಿ. ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಶ್ರಮಿಸಿರೆಂದು ಅವನು ಹೇಳಿದ್ದು ಸ್ವಂತ ಊರಿನಲ್ಲಿದ್ದವರಿಗಲ್ಲ, ಪರವೂರಿನಲ್ಲಿ ಬೆರಳೆಣಿಕೆಯಷ್ಟಿದ್ದವರಿಗೆ. ನಾವಂತೂ ಪರವೂರಿನವರೂ ಅಲ್ಲ. ಗಂಗಾವತಿಗೆ ೨೦೧೯ರಲ್ಲಿ, ಕುಷ್ಟಗಿಗೆ ೨೦೨೫ರ ಮೇ ತಿಂಗಳಲ್ಲಿ ರೈಲು ಬಂದಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಟ ಸಮಿತಿಗಳಲ್ಲಿ ಕುಳಿತವರ ಸಾಲಿನಲ್ಲಿ ನಮ್ಮ ಧರ್ಮಕೇಂದ್ರದವರು ಎಷ್ಟು ಮಂದಿ ಇದ್ದೆವು ಎಂದು ನನ್ನನ್ನೇ ಕೇಳಿಕೊಂಡು ನಾಚಿದ್ದೇನೆ.

ಷರೀಫರು ತೀರಿಕೊಂಡದ್ದು ೨೦೧೮ರ ನವೆಂಬರ್ ೨೫ರಂದು, ಭಾನುವಾರ. ಹಿಂದಿನ ರಾತ್ರಿ ನಟ ಅಂಬರೀಶರು ನಿಧನರಾಗಿದ್ದರು. ನಾಡಿಗೆ ನಾಡೇ ಆ ದುಃಖದ ಕಡೆ ತಿರುಗಿತ್ತು. ಎಂಟು ಬಾರಿ ಪಾರ್ಲಿಮೆಂಟಿಗೆ ಹೋದವರ ಸಾವಿನ ಸುದ್ದಿ ಅದರ ನೆರಳಿನಲ್ಲೇ ಹಾದುಹೋಯಿತು. ಆ ದಿನ ಕೊಪ್ಪಳದ ಹಾದಿಯಲ್ಲಿ ಗಾಡಿಗಳು ಎಂದಿನಂತೆ ಓಡುತ್ತಿದ್ದವು.

ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲೆ, ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ ೬ರ ಅರ್ಜಿಗಳನ್ನು ನಮ್ಮ ಯುವಕರು ಇಟ್ಟುಕೊಂಡು ಕುಳಿತಿದ್ದಾರೆ. ಹದಿನೆಂಟು ತುಂಬಿದವರು ಮನೆಯಲ್ಲಿದ್ದರೆ ಒಂದೊಂದು ಪ್ರತಿ ತೆಗೆದುಕೊಂಡು ಹೋಗಿ. ಯಾವ ಧರ್ಮದವರಾದರೂ ಸರಿ. ಓದುಬರಹ ಬಾರದವರಿಗೆ ತುಂಬಿಕೊಡಲು ಧರ್ಮಭಗಿನಿಯರು ಒಪ್ಪಿದ್ದಾರೆ.